ಗಾಲಿಯಪ್ಪ ಅಳೆದ ಊರು

"ಗಾಲಿಯಪ್ಪನ ಕೈಗೆ ಕೂಸು ಕೊಡಬೇಡಿ, ನೆತ್ತಿಯಿಂದ ಹಿಮ್ಮಡಿಗೆ ಎಷ್ಟು ಸುತ್ತು ಅಂತ ಬರ್ಕೊಂಡುಬಿಡ್ತಾನೆ" ಎಂದು ಅಕ್ಕಪಕ್ಕದವರು ನಗುತ್ತಿದ್ದರು. ಎದುರು ಮನೆಯ ಹೊಲಿಗೆಯವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಮದುವೆ ದಿನ ಹೆಂಡತಿ ಮುಖ ನೋಡೋದು ಬಿಟ್ಟು ಗಾಲಿ ಎಲ್ಲಿ ಅಂತ ಹುಡುಕ್ತಿದ್ದನಂತೆ" ಎನ್ನುತ್ತಿದ್ದಳು. ಅದು ಶುದ್ಧ ಸುಳ್ಳು. ಹುಡುಕುವ ಪ್ರಮೇಯವೇ ಇರಲಿಲ್ಲ. ಗಾಲಿ ಅವನ ಪಕ್ಕದಲ್ಲೇ ಇತ್ತು.

ಅವನಿಗೆ ಬೇರೆ ಹೆಸರು ಇದ್ದಿರಲೇಬೇಕು. ಸಂಬಳದ ದಿನ ಅದನ್ನು ಕೂಗುತ್ತಿದ್ದರಂತೆ, ಮೂರು ಸಲ ಕೂಗಿದರೂ ಅವನು ಏಳುತ್ತಿರಲಿಲ್ಲವಂತೆ. ಊರಿಗೆಲ್ಲ ಅವನು ಗಾಲಿಯಪ್ಪ.

ಕೆಲಸ ಕಲ್ಲಿದ್ದಲು ಡಿಪೋದಲ್ಲಿ. ಆದರೆ ಅವನ ಅಂಗೈಗೆ ಒಂದು ದಿನವೂ ಮಸಿ ಅಂಟಿದ್ದಿಲ್ಲ. ಯಾಕೆ ಎಂದರೆ, ಅದಕ್ಕೆ ಸರ್ಕಾರದ ಕಡೆಯಿಂದಲೇ ಕಥೆ ಶುರು ಮಾಡಬೇಕು.

ಆ ಕಾಲಕ್ಕೆ ಊರೆಲ್ಲ ಕಲ್ಲಿದ್ದಲಿನ ಒಲೆ. ಅಡುಗೆಗೂ ಅದೇ, ಸ್ನಾನದ ನೀರಿಗೂ ಅದೇ, ಚಳಿಗೂ ಅದೇ. ಡಿಪೋದಿಂದ ಮೂಟೆಗಳು ಕೈಗಾಡಿಯಲ್ಲಿ ಮನೆಮನೆಗೆ ಹೋಗುತ್ತಿದ್ದವು, ಎಲ್ಲರಿಗೂ ಒಂದೇ ಬೆಲೆ. ಜನ ನೆಮ್ಮದಿಯಾಗಿದ್ದರು. ಅದು ಸರ್ಕಾರದ ಕಣ್ಣಿಗೆ ಬಿತ್ತು. ಒಂದು ದಿನ ಸರ್ಕಾರ ಕೂತು ಯೋಚಿಸಿತು. ಸರ್ಕಾರ ಕೂತಿತು ಎಂದರೆ ಉಳಿದವರು ಎದ್ದು ನಿಲ್ಲಬೇಕು ಎಂದೇ ಲೆಕ್ಕ. ಗಣಿಯ ಬಾಯಲ್ಲಿ ಕಲ್ಲಿದ್ದಲಿಗೆ ಒಂದು ಬೆಲೆ, ಸರಿ. ರೈಲಿನಲ್ಲಿ ಡಿಪೋಗೆ ತಂದರೆ ಅದರ ಮೇಲೊಂದಿಷ್ಟು, ಅದೂ ಸರಿ. ಆದರೆ ಡಿಪೋದಿಂದ ಮನೆಗೆ ಗಾಡಿ ತಳ್ಳುವ ಖರ್ಚು? ಗೇಟಿನ ಎದುರಿಗಿರುವವನೂ ಗುಡ್ಡದ ಮೇಲಿರುವವನೂ ಒಂದೇ ಬೆಲೆ ಕೊಟ್ಟರೆ, ಇವನು ಹುಲ್ಲು ಹಾಕಿ ಅವನು ಹಾಲು ಕರೆದ ಹಾಗಾಗಲಿಲ್ಲವೆ? ಹಾಗಾಗಿ ಹೊಸ ನೀತಿ ಬಂತು. 'ವಿತರಣಾ ವೆಚ್ಚವನ್ನು ಡಿಪೋದ ಗೇಟಿನಿಂದ ಗ್ರಾಹಕರ ಒಲೆಯ ಬಾಯಿಯವರೆಗಿನ ದೂರಕ್ಕೆ ತಕ್ಕಂತೆ ನಿಗದಿಪಡಿಸತಕ್ಕದ್ದು.'

ಒಲೆಯ ಬಾಯಿ ಎಂದು ಬರೆದವರು ಯಾರೋ, ಪುಣ್ಯಾತ್ಮರು. ಬಾಗಿಲವರೆಗೆ ಎಂದಿದ್ದರೆ ಗಾಲಿಯಪ್ಪನ ಬದುಕಿನಲ್ಲಿ ಅರ್ಧ ರುಚಿ ಹೋಗುತ್ತಿತ್ತು.

ಅಳೆಯಲು ಒಂದು ಗಾಲಿ ಬಂತು. ಮೊಣಕಾಲು ಮೀರುವ ಎತ್ತರ, ಅಂಚಿಗೆ ಹೆಬ್ಬೆರಳು ದಪ್ಪದ ರಬ್ಬರು, ತಳ್ಳುವುದಕ್ಕೆ ಉದ್ದನೆಯ ಹಿಡಿ. ಒಂದು ಸುತ್ತು ತಿರುಗಿದರೆ ಸರಿಯಾಗಿ ಎರಡು ಮೀಟರು. ಸುತ್ತಿಗೊಮ್ಮೆ ತಗಡಿನ ನಾಲಗೆ 'ಟಕ್' ಎನ್ನುತ್ತಿತ್ತು, ಪುಟ್ಟ ಪೆಟ್ಟಿಗೆಯೊಳಗೆ ಒಂದಂಕಿ ಮೇಲೇರುತ್ತಿತ್ತು. ಇನ್ನೂರೈವತ್ತು ಸುತ್ತಿಗೆ ಒಂದು ಹಂತ. ಒಂದು, ಎರಡು, ಮೂರನೇ ಹಂತದವರೆಗೆ ಬೆಲೆ ಮೆಟ್ಟಿಲು ಹತ್ತಿದ ಹಾಗೆ ಮೆಲ್ಲಗೆ ಏರುತ್ತಿತ್ತು. ಏಳುನೂರ ಐವತ್ತು ಸುತ್ತು ದಾಟಿತೋ, ನಾಲ್ಕನೇ ಹಂತ, ಬೆಲೆ ಏಕ್‌ದಂ ಒಂದೂವರೆ ಪಟ್ಟು. ಅಷ್ಟು ದೂರ ಗಾಡಿ ತಳ್ಳುವವನಿಗೆ ದಾರಿಯಲ್ಲಿ ಹಸಿವಾಗುತ್ತದೆ ಎಂದು ನೀತಿಯಲ್ಲೇ ಕಾರಣ ಕೊಟ್ಟಿದ್ದರು.

ಗಾಲಿ ತಳ್ಳುವುದಕ್ಕೆ ಒಬ್ಬ ನಂಬಿಗಸ್ಥ ಬೇಕಿತ್ತು. ಆ ಕೆಲಸಕ್ಕೆ ಅವನನ್ನು ಕೈಹಿಡಿದು ಕರೆದುಕೊಂಡು ಹೋದವಳು ಅವನ ಅಕ್ಕ.

ಈ ಅಕ್ಕನ ವಿಷಯ ಹೇಳಲೇಬೇಕು. ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ತಾಯಿ ಹೋದಮೇಲೆ ಅವನ ಮೂಗು ಒರೆಸಿದವಳು, ಕಿವಿ ಹಿಂಡಿದವಳು, ಎರಡೂ ಅವಳೇ. ದೊಡ್ಡ ಬೀದಿಯ ಆಚೆ ತುದಿಯಲ್ಲಿ, ಏರು ಮುಗಿಯುವಲ್ಲಿ ಅವಳದು ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ. ದೊಡ್ಡ ಒಲೆಯೊಂದು ದಿನವಿಡೀ ಉರಿಯುತ್ತಿತ್ತು. ಅದರ ಮೇಲೆ ಹಂಡೆ, ಹಂಡೆಯ ಸುತ್ತ ನಾಲ್ಕು ಇಸ್ತ್ರಿ ಪೆಟ್ಟಿಗೆ. ಊರಿನವರು ಅನ್ನುತ್ತಿದ್ದರು, ಅಂಗಡಿಯಲ್ಲಿ ಇಸ್ತ್ರಿ ಪೆಟ್ಟಿಗೆ ಒಟ್ಟು ಐದು, ಐದನೆಯದು ಅಕ್ಕನ ನಾಲಗೆ ಎಂದು.

"ಸಾಹೇಬರೇ, ಇವನಿಗೆ ಸುಳ್ಳು ಹೇಳೋಕೆ ಬರಲ್ಲ" ಎಂದು ಅವಳು ಡಿಪೋದ ದರ ಸಾಹೇಬರ ಮುಂದೆ ತಮ್ಮನನ್ನು ನಿಲ್ಲಿಸಿದ್ದಳು. ಬೆಲೆ ನಿಗದಿ ಮಾಡುವವರಾದ್ದರಿಂದ ಅವರು ದರ ಸಾಹೇಬರು. "ಕಲಿಸೋಣ ಅಂತ ನಾನೂ ನೋಡಿದೆ. ತಲೆಗೆ ಹತ್ತಲಿಲ್ಲ."

ಅಲ್ಲಿಂದ ಶುರುವಾಯಿತು ನೋಡಿ. ವರ್ಷಕ್ಕೊಮ್ಮೆ ಊರಿನ ಅಷ್ಟೂ ಮನೆಗಳ ಅಳತೆ. ಡಿಪೋದ ಗೇಟಿನ ಕಂಬಕ್ಕೆ ಗಾಲಿ ತಾಗಿಸಿ ನಿಲ್ಲಿಸುವುದು, ಕಾವಲುಗಾರ ಗೇಟಣ್ಣ "ಹೂಂ" ಎನ್ನುವುದು, ಇವನು ತಳ್ಳುವುದು. ಬೀದಿ, ಓಣಿ, ಹೊಸಿಲು, ನಡುಮನೆ, ಅಲ್ಲಿಂದ ಅಡುಗೆಮನೆ. ಮಲಗಿದವರ ಕಾಲು ಸರಿಸಿ, ಬೆಕ್ಕನ್ನು ಎಬ್ಬಿಸಿ, "ಸ್ವಲ್ಪ ಜಾಗ ಬಿಡಿ, ಸರ್ಕಾರದ ಕೆಲಸ" ಎನ್ನುತ್ತ ಸೀದಾ ಒಲೆಯ ಬಾಯಿಗೆ.

ಜನ ಏನು ದಡ್ಡರೆ? ಎರಡನೇ ವರ್ಷಕ್ಕೆಲ್ಲ ಬುದ್ಧಿ ಬಂತು. ಅಳತೆಯ ದಿನ ಊರಿನ ಒಲೆಗಳೆಲ್ಲ ಎದ್ದು ಬಾಗಿಲಿಗೆ ಬಂದು ನಿಲ್ಲುತ್ತಿದ್ದವು. ಒಬ್ಬ ಮೇಷ್ಟ್ರು ಒಲೆಯನ್ನು ಬೀದಿಯ ತಿರುವಿಗೇ ಹೊತ್ತು ತಂದು, ಸ್ಟೂಲು ಹಾಕಿಕೊಂಡು ಕೂತು, ಅನ್ನ ಬೇಯಿಸುತ್ತಿದ್ದರು.

"ಏನ್ ಮೇಷ್ಟ್ರೇ, ಇಲ್ಲಿ?"

"ಇದೇ ನಮ್ಮ ಅಡುಗೆಮನೆ ಕಣಯ್ಯಾ. ಗಾಳಿ ಬೆಳಕು ಚೆನ್ನಾಗಿದೆ."

"ಮಳೆ ಬಂದ್ರೆ?"

"ಸಾರು ಜಾಸ್ತಿ ಆಗುತ್ತೆ."

ಗಾಲಿಯಪ್ಪ ನಗಲಿಲ್ಲ. ಮೇಷ್ಟ್ರ ಮನೆಯೊಳಗೆ ಹೋಗಿ, ಗೋಡೆಯ ಮೇಲೆ ಮಸಿ ಎಲ್ಲಿ ದಟ್ಟವಾಗಿದೆ ಎಂದು ನೋಡಿ, ಅದರ ಬುಡಕ್ಕೆ ಗಾಲಿ ತಾಗಿಸಿ ಅಂಕಿ ಬರೆದುಕೊಂಡ. ಒಲೆ ಓಡಾಡಬಹುದು, ಮಸಿ ಓಡಾಡಲ್ಲ ಎಂಬುದು ಅವನ ಸಿದ್ಧಾಂತ. ಹೀಗೆ ಅವನಿಗೆ ಊರಿನ ಒಂದೊಂದು ಅಡುಗೆಮನೆಯೂ ಗೊತ್ತು. ಯಾರ ಮನೆಯ ಸಾರಿಗೆ ಉಪ್ಪು ಜಾಸ್ತಿ, ಯಾರು ಹೆಂಡತಿ ಇಲ್ಲದಾಗ ಸಕ್ಕರೆ ಡಬ್ಬಿಗೆ ಕೈ ಹಾಕುತ್ತಾರೆ, ಎಲ್ಲ ಗೊತ್ತು. ಆದರೆ ಬಾಯಿ ಬಿಡುತ್ತಿರಲಿಲ್ಲ. ಕೇಳಿದರೆ, "ನಾನು ನೋಡೋದು ಅಂಕಿ ಮಾತ್ರ" ಎನ್ನುತ್ತಿದ್ದ.

ಸಂಜೆ ಮನೆಗೆ ಬಂದರೆ ಇನ್ನೊಂದು ಕೆಲಸ. ಅವನ ಮನೆ ಡಿಪೋದ ರಸ್ತೆಯಲ್ಲೇ, ಗೇಟಿನಿಂದ ಆರು ಸುತ್ತು. ಜಗಲಿಯಲ್ಲಿ ಗಾಲಿಯನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಬಕೆಟ್ಟಿನಲ್ಲಿ ನೀರು ತಂದು ತೊಳೆಯುತ್ತಿದ್ದ. ರಬ್ಬರಿಗೆ ಮಣ್ಣಿನ ಕಣ ಮೆತ್ತಿಕೊಂಡಿದ್ದರೆ ಗಾಲಿ ದೊಡ್ಡದಾಗುತ್ತದೆ, ಸುತ್ತು ಕಡಿಮೆಯಾಗುತ್ತದೆ, ಸರ್ಕಾರಕ್ಕೆ ಮೋಸವಾಗುತ್ತದೆ. ಹಾಗಾಗಿ ತೊಳೆದ ಮೇಲೆ ಮರಳು ಕಾಗದ ಹಿಡಿದು ಗಸಗಸ ಉಜ್ಜುತ್ತಿದ್ದ. ದಿನಾ. ಒಂದು ದಿನವೂ ತಪ್ಪದೆ.

"ಪಾತ್ರೆನೂ ಹಾಗೇ ಉಜ್ಜಿಕೊಟ್ರೆ ಪುಣ್ಯ ಬರುತ್ತೆ ರೀ" ಎನ್ನುತ್ತಿದ್ದಳು ಹೆಂಡತಿ.

"ಪಾತ್ರೆಗೆ ಅಳತೆ ಇಲ್ಲ ಕಣೇ."

"ನನ್ನ ತಾಳ್ಮೆಗೆ ಇದೆ."

ಮೊದಲ ವರ್ಷ ಅಕ್ಕನ ಅಂಗಡಿ ಅಳೆದಾಗ ಏಳುನೂರ ಇಪ್ಪತ್ತಾರು ಸುತ್ತು ಬಂದಿತ್ತು. ಮೂರನೇ ಹಂತ. ಅಕ್ಕ ಖುಷಿಯಾಗಿ ಟೀ ಕೊಟ್ಟಿದ್ದಳು. ಟೀ ಕುಡಿಯುವಾಗ ಗಾಲಿಯನ್ನು ಇಸ್ತ್ರಿ ಮೇಜಿನ ಕೆಳಗೆ ತಳ್ಳಲು ಹೋದರೆ ಮೇಜಿನ ಅಡ್ಡಪಟ್ಟಿಗೆ ಢಿಕ್ಕಿ ಹೊಡೆದು ನಿಂತಿತು. ಒಳಗೆ ಹೋಗಲೇ ಇಲ್ಲ. "ನನ್ನ ಮೇಜು ಮುರಿಬೇಡವೋ!" ಎಂದು ಅಕ್ಕ ಕಿರುಚಿದ್ದಳು. ಪಾಪ, ಅವನು ಗಾಲಿಯನ್ನು ಬೀದಿಯಲ್ಲಿ ನಿಲ್ಲಿಸಿ, ಒಂದು ಕಣ್ಣು ಟೀ ಮೇಲೆ, ಒಂದು ಕಣ್ಣು ಬೀದಿ ನಾಯಿಯ ಮೇಲೆ ಇಟ್ಟುಕೊಂಡು ಗುಟುಕರಿಸಿದ್ದ.

ವರ್ಷಗಳು ಉರುಳಿದವು. ಗಾಲಿಯೂ ಉರುಳಿತು. ಹತ್ತನೇ ವರ್ಷ ಡಿಪೋದಲ್ಲಿ ಒಂದು ಗುಸುಗುಸು ಹುಟ್ಟಿತು. ದರ ಸಾಹೇಬರು ಹಳೆಯ ಕಡತಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು, ಬೆವರು ಒರೆಸಿಕೊಂಡು, ಕಾವಲಿನ ಗೇಟಣ್ಣನಿಂದ ಹಿಡಿದು ಎಲ್ಲರನ್ನೂ ಕರೆದು ಬಾಗಿಲು ಹಾಕಿಸಿದರು.

"ನೋಡ್ರಪ್ಪಾ, ಗಾಬರಿ ಬೀಳಬೇಡಿ. ಊರು ಹಿಂದೆ ಸರೀತಾ ಇದೆ."

"ಯಾವ ಊರು ಸಾರ್?" ಎಂದ ಗೇಟಣ್ಣ.

"ಇದೇ ಊರು ಕಣಯ್ಯಾ! ಅಂಕಿ ನೋಡು. ಮೇಷ್ಟ್ರ ಮನೆ ಮೊದಲ ವರ್ಷ ಮುನ್ನೂರು ಸುತ್ತು, ಈಗ ಮುನ್ನೂರ ಆರು. ಇಸ್ತ್ರಿ ಅಂಗಡಿ ಏಳುನೂರ ಇಪ್ಪತ್ತಾರು ಇದ್ದಿದ್ದು ಏಳುನೂರ ನಲವತ್ತಕ್ಕೆ ಬಂದಿದೆ. ಅದೂ ಹ್ಯಾಗೆ? ಹತ್ತಿರದ ಮನೆಗಳು ಸೋಮಾರಿಗಳು, ಚೂರುಚೂರು ಸರೀತವೆ. ದೂರದವು ಓಡ್ತಾ ಇವೆ!"

"ಅಳತೆ ತಪ್ಪಿರಬಹುದಾ ಸಾರ್?"

ಎಲ್ಲರೂ ಗಾಲಿಯಪ್ಪನ ಮುಖ ನೋಡಿದರು. ಗಾಲಿಯಪ್ಪ ಕಣ್ಣಲ್ಲಿ ನೀರು ತುಂಬಿಕೊಂಡ. ಅಷ್ಟಕ್ಕೇ ಗೇಟಣ್ಣ ಎರಡೂ ಕೈ ಮುಗಿದು, "ತಪ್ಪಾಯ್ತಪ್ಪಾ, ಊರೇ ಸರೀತಿರಬೇಕು" ಎಂದ. ಗಾಲಿಯಪ್ಪನ ಅಳತೆ ತಪ್ಪು ಎನ್ನುವುದಕ್ಕಿಂತ ಊರು ನಡೆಯುತ್ತಿದೆ ಎನ್ನುವುದೇ ಎಲ್ಲರಿಗೂ ನಂಬಲು ಸುಲಭವಾಗಿತ್ತು. ಅಂಥ ಮನುಷ್ಯ.

ಸಾಹೇಬರು 'ಊರಿನ ವಾರ್ಷಿಕ ಹಿಂಜರಿತ' ಎಂದು ನಲವತ್ತು ಪುಟದ ವರದಿ ಬರೆದು ಮೇಲಿನ ಕಚೇರಿಗೆ ಕಳಿಸಿದರು. ಅಲ್ಲಿಂದ ಉತ್ತರ ಬಂತು: 'ಗಮನಿಸಲಾಗಿದೆ. ಸರಿಯುವಿಕೆ ಮುಂದುವರಿಯಲಿ.'

ಊರಿನಲ್ಲಿ ಸುದ್ದಿ ಹಬ್ಬಿತು. ಮೊದಮೊದಲು ಭಯ, ಆಮೇಲೆ ಅಭ್ಯಾಸ, ಕೊನೆಗೆ ಜಂಬ. "ನಿಮ್ಮ ಮನೆ ಈ ವರ್ಷ ಎಷ್ಟು ಸರೀತು?" ಎಂದು ನಲ್ಲಿಯ ಹತ್ತಿರ ಹೆಂಗಸರು ಕೇಳಿಕೊಳ್ಳುವರು. ಅಂಚೆಯವನು ಕಾಗದ ತಡವಾಗಿ ತಂದರೆ, "ಏನ್ಮಾಡ್ಲಿ ತಾಯೀ, ನಾನು ಬರ್ತಾ ಇದ್ದ ಹಾಗೇ ನಿಮ್ಮ ಮನೆ ಮುಂದೆ ಹೋಗ್ತಿದೆ" ಎನ್ನುವನು. ಒಬ್ಬ ಮಹಾರಾಯನಂತೂ ಮನೆ ಓಡಿಹೋಗದಿರಲಿ ಎಂದು ಹಿತ್ತಲ ಗೋಡೆಗೆ ಎರಡು ಊರೆಗೋಲು ಕೊಟ್ಟ.

ಹೀಗೆ ನಗುತ್ತ ಇರುವಾಗಲೇ ಹದಿನಾರನೇ ವರ್ಷ ಬಂತು.

ಆ ವರ್ಷ ಗಾಲಿಯಪ್ಪ ಅಕ್ಕನ ಅಂಗಡಿಯ ಏರು ಹತ್ತುತ್ತ ಮತ್ತೆ ಮತ್ತೆ ಅಂಕಿಯ ಪೆಟ್ಟಿಗೆ ನೋಡಿಕೊಂಡ. ಹಿಂದಿನ ವರ್ಷ ಏಳುನೂರ ನಲವತ್ತೊಂಬತ್ತು ಬಂದಿತ್ತು. ಹೊಸಿಲು ದಾಟಿದ. ಟಕ್. ಸೋಪಿನ ಬುಟ್ಟಿ ದಾಟಿದ. ಟಕ್. ಒಲೆಯ ಬಾಯಿಗೆ ಗಾಲಿ ತಾಗುವುದಕ್ಕೂ ಇನ್ನೊಂದು ಸಲ ಟಕ್ ಎನ್ನುವುದಕ್ಕೂ ಸರಿಹೋಯಿತು.

ಏಳುನೂರ ಐವತ್ತೊಂದು.

"ಎಷ್ಟೋ?" ಎಂದಳು ಅಕ್ಕ.

ಅವನು ಪೆಟ್ಟಿಗೆಯನ್ನೇ ನೋಡುತ್ತ ನಿಂತಿದ್ದ.

"ಕಿವಿ ಕೇಳಿಸಲ್ವಾ? ಎಷ್ಟು ಅಂದೆ."

"ಅಕ್ಕಾ... ಒಂದು ಜಾಸ್ತಿ ಆಗಿದೆ."

"ಒಂದು ತಾನೇ? ಒರೆಸಿಹಾಕು."

"ಹಾಗೆಲ್ಲ ಒರೆಸೋಕೆ ಆಗಲ್ಲ ಅಕ್ಕ."

"ಒಂದು ಸುತ್ತು ಕಣೋ! ನಿನ್ನ ಮೂಗಿನಿಂದ ನಾನು ಒರೆಸಿರೋ ಸಿಂಬಳ ಉದ್ದ ಅಳೆದ್ರೆ ಹತ್ತು ಸುತ್ತು ಆಗುತ್ತೆ!"

"ಬೇಕಾದ್ರೆ ಬೈಯಿ. ಆದ್ರೆ ಸುಳ್ಳು ಬರೆಯಲ್ಲ. ನೀನೇ ತಾನೇ ಸಾಹೇಬರಿಗೆ ಮಾತು ಕೊಟ್ಟಿದ್ದು?"

ಅಕ್ಕ ಕೈಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ದಡ್ಡನೆ ಒಲೆಯ ಮೇಲೆ ಕುಕ್ಕಿದಳು. ನಾಲ್ಕನೇ ಹಂತ ಎಂದರೆ ತಮಾಷೆಯಲ್ಲ. ಅವಳ ಒಲೆ ತಿನ್ನುವ ಕಲ್ಲಿದ್ದಲು ಹತ್ತು ಮನೆಯದ್ದು. ಒಂದೂವರೆ ಪಟ್ಟು ಬೆಲೆ ತೆತ್ತರೆ ಅಂಗಿಯ ಇಸ್ತ್ರಿಗೆ ಅಂಗಿಯ ಬೆಲೆಯನ್ನೇ ಕೇಳಬೇಕು. ಹೊಸ ಬೆಲೆ ಬರುವ ತಿಂಗಳ ಒಂದನೇ ತಾರೀಖಿನಿಂದ. ಅಷ್ಟರೊಳಗೆ ಏನೂ ಆಗದಿದ್ದರೆ ಒಲೆ ಆರಿಸಿ ಬಾಗಿಲು ಹಾಕುವುದೊಂದೇ ದಾರಿ. ಮೂವತ್ತು ವರ್ಷದ ಅಂಗಡಿ.

ಅಂದಿನಿಂದ ಅಕ್ಕ ತಮ್ಮನ ಜತೆ ಮಾತು ಬಿಟ್ಟಳು. ಬಿಟ್ಟದ್ದು ಅವನ ಜತೆ ಮಾತ್ರ. ಅವನ ಬಗ್ಗೆ ಆಡುವುದನ್ನು ಬಿಡಲಿಲ್ಲ. ನಾದಿನಿಯ ಕೈಲಿ ದಿನಕ್ಕೊಂದು ಸಂದೇಶ ಬರುತ್ತಿತ್ತು. "ನಿನ್ನ ಗಂಡನಿಗೆ ಹೇಳು, ನಾನು ಸತ್ರೆ ಹೊತ್ತುಕೊಂಡು ಹೋಗೋ ದೂರನೂ ಮೊದಲೇ ಅಳೆದಿಡ್ಲಿ ಅಂತ." ಹೆಂಡತಿ ಅದನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದಳು, ಮೇಲೆ ತನ್ನದೂ ಒಂದೆರಡು ಸೇರಿಸಿ. ಗಾಲಿಯಪ್ಪ ಊಟ ಬಿಟ್ಟು ಎದ್ದುಹೋಗಿ ಗಾಲಿ ಉಜ್ಜುತ್ತ ಕೂರುತ್ತಿದ್ದ. ದುಃಖ ಹೆಚ್ಚಾದಷ್ಟೂ ಜೋರಾಗಿ ಉಜ್ಜುತ್ತಿದ್ದ.

ಹತ್ತು ದಿನ ಕಳೆಯಿತು. ಅವನ ಕೆಲಸದ ಅಂಗಿಗಳೆಲ್ಲ ಮುದುಡಿ ಕೂತಿದ್ದವು. ಬೇರೆ ಇಸ್ತ್ರಿ ಅಂಗಡಿಗೆ ಕೊಡುವುದೆಂದರೆ ಅಕ್ಕನ ತಲೆಯ ಮೇಲೆ ಕಲ್ಲು ಹಾಕಿದ ಹಾಗೆ. ಹನ್ನೊಂದನೇ ದಿನ ಮಧ್ಯಾಹ್ನ ಧೈರ್ಯ ಮಾಡಿ, ಒಂದು ಕೈಲಿ ಅಂಗಿಯ ಗಂಟು, ಒಂದು ಕೈಲಿ ಗಾಲಿ ಹಿಡಿದು ಹೋದ. ಅಕ್ಕ ಯಾವುದೋ ಅತಿಥಿಗೃಹದ ಹಾಸು ಬಟ್ಟೆಗಳನ್ನು ಮಡಿಸುತ್ತಿದ್ದಳು. ಇವನನ್ನು ನೋಡಿ ಗೋಡೆಯ ಕಡೆ ತಿರುಗಿ, ಗೋಡೆಗೆ ಹೇಳಿದಳು:

"ಸರ್ಕಾರ ಬಂದಿದೆ. ಅಂಗಿ ಅಲ್ಲಿಟ್ಟು ಹೋಗ್ಲಿ."

ಗಾಲಿಯಪ್ಪ ಅಂಗಿ ಇಟ್ಟ. ಕೂರು ಎನ್ನದಿದ್ದರೂ ಕೂತ. ಎಂದಿನ ಅಭ್ಯಾಸದಂತೆ ಕಾಲಿನಿಂದಲೇ ಗಾಲಿಯನ್ನು ಇಸ್ತ್ರಿ ಮೇಜಿನ ಕೆಳಗೆ ನೂಕಿದ. ಅದು ಬಿಲ ಹೊಕ್ಕ ಇಲಿಯ ಹಾಗೆ ಸರ್ರನೆ ಒಳಗೆ ಹೋಯಿತು.

ಅಕ್ಕ ಗೋಡೆಯಿಂದ ಮುಖ ತಿರುಗಿಸಿದಳು.

"ಅದನ್ನ ಈಚೆ ತೆಗಿ."

"ಯಾಕಕ್ಕ?"

"ತೆಗಿ ಅಂದೆ. ಹೂಂ. ಈಗ ಮತ್ತೆ ಒಳಗೆ ತಳ್ಳು."

ತಳ್ಳಿದ. ಮತ್ತೆ ಹೋಯಿತು. ಅಡ್ಡಪಟ್ಟಿಗೂ ಗಾಲಿಗೂ ನಡುವೆ ಇರುವೆಗಳ ಮೆರವಣಿಗೆ ಹೋಗುವಷ್ಟು ಜಾಗ.

"ಮೊದಲನೇ ವರ್ಷ ಇದು ನನ್ನ ಮೇಜಿಗೆ ಗುದ್ದಿ ನಿಂತಿತ್ತು. ನೆನಪಿದೆಯಾ? ನಾಯಿ ಕಾಯ್ತಾ ಟೀ ಕುಡಿದೆ."

"ಹೌದು. ಆಮೇಲಾಮೇಲೆ ಒಳಗೆ ಹೋಗೋಕೆ ಶುರುವಾಯ್ತು."

"ಹ್ಯಾಗೆ ಹೋಯ್ತೋ? ನನ್ನ ಮೇಜು ಎತ್ತರಕ್ಕೆ ಬೆಳೀತಾ? ಅದಕ್ಕೇನು ನಾನು ಗೊಬ್ಬರ ಹಾಕ್ತಿದೀನಾ?"

ಗಾಲಿಯಪ್ಪ ಗಾಲಿಯನ್ನು ಈಚೆ ಎಳೆದ. ಅಕ್ಕ ಬಟ್ಟೆಯ ನೀಲಿಯಲ್ಲಿ ಬೆರಳದ್ದಿ ಗಾಲಿಯ ರಬ್ಬರಿನ ಮೇಲೊಂದು ಚುಕ್ಕೆ ಇಟ್ಟಳು. ಅತಿಥಿಗೃಹದ ಹಾಸು ಬಟ್ಟೆಯೊಂದನ್ನು ಝಾಡಿಸಿ ನೆಲದ ಮೇಲೆ ಹಾಸಿದಳು. ಅದರ ಅಂಚಿನಲ್ಲೇ ನೇಯ್ದಿತ್ತು: ಉದ್ದ ಎರಡು ಮೀಟರು. ಆ ಅಂಚಿಗೆ ನೀಲಿ ಚುಕ್ಕೆ ಕೂರಿಸಿ, "ಉರುಳಿಸು" ಎಂದಳು.

ಅವನು ಉರುಳಿಸಿದ. ಗಾಲಿ ಒಂದು ಸುತ್ತು ಮುಗಿಸಿ ಎರಡನೇ ಚುಕ್ಕೆ ಒತ್ತಿತು. ಆಚೆಯ ಅಂಚು ಇನ್ನೂ ನಾಲ್ಕು ಬೆರಳು ದೂರವಿತ್ತು.

ಅಕ್ಕ ಜೋರಾಗಿ ನಕ್ಕಳು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದ್ರೆ ನಿನ್ನ ಗಾಲಿ ಕಾಲು ಮಡಿಚ್ಕೊಂಡಿದೆಯಲ್ಲೋ! ಊರೂ ಸರೀಲಿಲ್ಲ, ಮನೆನೂ ಓಡಲಿಲ್ಲ. ಗಾಲಿ ಸವೆದಿದೆ! ಚಿಕ್ಕ ಗಾಲಿ, ಜಾಸ್ತಿ ಸುತ್ತು!" ಎಂದು ಚಪ್ಪಾಳೆ ತಟ್ಟಿ ತಿರುಗಿ ನೋಡಿದರೆ, ತಮ್ಮ ನೆಲದ ಮೇಲೆ ಕೂತುಬಿಟ್ಟಿದ್ದ.

"ಮರಳು ಕಾಗದ" ಎಂದ. "ದಿನಾ ಸಂಜೆ. ಹದಿನಾರು ವರ್ಷ. ಮಣ್ಣು ಹೋಗ್ಲಿ ಅಂತ ಉಜ್ಜಿದೆ ಅಕ್ಕ. ರಬ್ಬರೂ ಹೋಯ್ತು."

"ಹೋದ್ರೆ ಹೋಯ್ತು ಬಿಡೋ."

"ಊರಿಗೆಲ್ಲ ಸುಳ್ಳು ಅಂಕಿ ಬರೆದಿದೀನಿ. ನಾನು."

ಅವನ ಮುಖ ನೋಡಿ ಅಕ್ಕನ ನಗು ಆರಿತು. ಈ ಮನುಷ್ಯನ ಹತ್ತಿರ ಇದ್ದದ್ದು ಸುಳ್ಳು ಹೇಳದವನು ಎಂಬ ಆ ಒಂದು ಹೆಸರು. ಅದು ಹೋದರೆ ಬೀದಿಯಲ್ಲಿ ಅವನು ತಲೆ ಎತ್ತಲಾರ, ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳು ಹಾಸು ಬಟ್ಟೆಯನ್ನು ಚಕಚಕ ಮಡಿಸಿ ಕಂಕುಳಿಗೆ ಸೇರಿಸಿದಳು.

"ಲೇ ತಮ್ಮಾ, ಇಲ್ಲಿ ಕೇಳು. ನಾನೇನೂ ನೋಡಿಲ್ಲ, ನೀನೂ ನೋಡಿಲ್ಲ. ನನಗೂ ಸೊಂಟ ನೋವು, ಅಂಗಡಿ ಸಾಕಾಗಿತ್ತು. ಮುಚ್ಚಿಬಿಡ್ತೀನಿ. ಯಾರಿಗೂ ಹೇಳಬೇಡ."

"ನಿನ್ನ ಸೊಂಟಕ್ಕೆ ಯಾವಾಗಿಂದ ನೋವು?"

"ಈಗ್ಲಿಂದ."

ಗಾಲಿಯಪ್ಪ ಎದ್ದ. ಮುಖ ತೊಳೆದುಕೊಂಡ. "ಕೊಡು ಆ ಬಟ್ಟೆ" ಎಂದ. ಅಕ್ಕ ಕೊಡಲಿಲ್ಲ. ಐವತ್ತು ದಾಟಿದ ಹೆಂಗಸೂ ನಲವತ್ತು ದಾಟಿದ ಗಂಡಸೂ ಒಂದು ಹಾಸು ಬಟ್ಟೆಯ ಎರಡು ತುದಿ ಹಿಡಿದು ಜಗ್ಗಾಡುವುದನ್ನು ಬೀದಿಯವರು ನಿಂತು ನೋಡಿದರು. ಗೆದ್ದವನು ಗಾಲಿಯಪ್ಪ. ಅಕ್ಕನ ಎದುರು ಅವನು ಗೆದ್ದದ್ದು ಅದೊಂದೇ ಸಲ.

ಮಾರನೇ ದಿನ ಬೆಳಗ್ಗೆ ದರ ಸಾಹೇಬರ ಮೇಜಿನ ಮೇಲೆ ಹಾಸು ಬಟ್ಟೆ ಹರಡಿ, ನಡೆದದ್ದನ್ನೆಲ್ಲ ಹೇಳಿ, "ತಪ್ಪು ನನ್ನದು ಸಾರ್, ಏನು ಶಿಕ್ಷೆ ಕೊಟ್ರೂ ಸರಿ" ಎಂದು ಕೈಕಟ್ಟಿ ನಿಂತ.

ಸಾಹೇಬರು ನೀಲಿ ಚುಕ್ಕೆಗಳನ್ನು ನೋಡಿದರು. ತಮ್ಮ ನಲವತ್ತು ಪುಟದ ವರದಿಯನ್ನು ನೆನೆದರು.

"ಗಾಲಿಯಪ್ಪಾ, ಈ ಗಾಲಿ ಯಾರದ್ದು?"

"ಸರ್ಕಾರದ್ದು ಸಾರ್."

"ಸರ್ಕಾರದ ಗಾಲಿ ತಪ್ಪು ಅಂದ್ರೆ ಹದಿನಾರು ವರ್ಷದ ಬೆಲೆ ತಪ್ಪು. ಬೆಲೆ ತಪ್ಪು ಅಂದ್ರೆ ನೀತಿ ತಪ್ಪು. ನೀತಿ ತಪ್ಪು ಅಂದ್ರೆ..." ಸಾಹೇಬರು ಕಿಟಕಿ ಮುಚ್ಚಿ ಬಂದರು. "ಹಾಗೆಲ್ಲ ಆಗೋಕೆ ಸಾಧ್ಯವೇ ಇಲ್ಲ."

"ಹಾಗಾದ್ರೆ ನಮ್ಮಕ್ಕನ ಅಂಗಡಿ?"

"ಅದೂ ನ್ಯಾಯವೇ. ಗಾಲಿ ದೊಡ್ಡದು ಮಾಡೋಕೆ ನನಗೆ ಅಧಿಕಾರ ಇಲ್ಲ. ಊರನ್ನ ವಾಪಸ್ಸು ಎಳೆಯೋಕೂ ಅಧಿಕಾರ ಇಲ್ಲ." ಅವರು ಮುಚ್ಚಿದ ಕಿಟಕಿಯ ಸಂದಿಯಿಂದ ಹೊರಗೆ ಇಣುಕಿದರು. ಆಮೇಲೆ ಮೆಲ್ಲಗೆ ಅವರ ಮುಖ ಅರಳಿತು. "ಆದ್ರೆ ಗೇಟು ನನ್ನದು!"

ಹೀಗೆ, ತಿಂಗಳ ಒಂದನೇ ತಾರೀಖಿಗೆ ಎರಡು ದಿನ ಇರುವಾಗ, 'ಊರಿನ ಹಿಂಜರಿತವನ್ನು ಸರಿದೂಗಿಸುವ ಸಲುವಾಗಿ' ಡಿಪೋದ ಗೇಟನ್ನು ಹನ್ನೆರಡು ಸುತ್ತು ಮುಂದಕ್ಕೆ ತರಲಾಯಿತು. ಗೇಟನ್ನು ಮಾತ್ರ. ಗೋಡೆ ಸರಿಸಲು ಮಂಜೂರಾತಿ ಇರಲಿಲ್ಲ. ಹಾಗಾಗಿ ಹಳೆಯ ಜಾಗದಲ್ಲಿ ಗೋಡೆ, ನಡುವೆ ಕಂಡಿ. ರಸ್ತೆಯ ನಟ್ಟನಡುವೆ, ಎಡಕ್ಕೂ ಬಲಕ್ಕೂ ಏನೂ ಇಲ್ಲದೆ, ಎರಡು ಕಂಬದ ಮೇಲೆ ಬೀಗ ಹಾಕಿದ ಕಬ್ಬಿಣದ ಗೇಟು. ಅದರ ಪಕ್ಕ ಸ್ಟೂಲು, ಸ್ಟೂಲಿನ ಮೇಲೆ ಗೇಟಣ್ಣ. ಅಕ್ಕನ ಅಂಗಡಿ ಏಳುನೂರ ಮೂವತ್ತೊಂಬತ್ತಕ್ಕೆ ಇಳಿದು ಮೂರನೇ ಹಂತದಲ್ಲಿ ಭದ್ರವಾಗಿ ಕೂತಿತು. ಒಲೆ ಆರಲಿಲ್ಲ. ಮರಳು ಕಾಗದ ಮುಟ್ಟಬಾರದೆಂದು ಗಾಲಿಯಪ್ಪನಿಗೆ ಲಿಖಿತ ಆದೇಶ ಬಂತು. ಹಾಸು ಬಟ್ಟೆ ಮಾತ್ರ ಕಡತಕ್ಕೆ ಸೇರಿ ಮರಳಿ ಬರಲಿಲ್ಲ. ಅತಿಥಿಗೃಹದವರಿಗೆ ಅಕ್ಕ ಹೊಸದು ತಂದುಕೊಟ್ಟು, ಸಾಯುವವರೆಗೂ ಸಾಹೇಬರಿಗೆ ಶಾಪ ಹಾಕುವ ಹಕ್ಕನ್ನು ಉಳಿಸಿಕೊಂಡಳು.

ಎಲ್ಲ ಸುಖವಾಯಿತು ಎನ್ನುವಾಗ ಒಂದು ಎಡವಟ್ಟು ಕಾಣಿಸಿತು. ಗಾಲಿಯಪ್ಪನ ಮನೆ ಹಳೆಯ ಗೇಟಿನಿಂದ ಆರು ಸುತ್ತಿನಲ್ಲಿತ್ತಲ್ಲ, ಹೊಸ ಗೇಟು ಅದನ್ನು ದಾಟಿ ಮುಂದೆ ನಿಂತಿತ್ತು. ಮನೆ ಈಗ ಡಿಪೋದ ಒಳಗೆ!

ಡಿಪೋದ ಒಳಗಿನಿಂದ ಹೊರಗೆ ಹೋಗಬೇಕಾದರೆ ಚೀಟಿ ಬೇಕು ಎಂಬುದು ನಿಯಮ. ಉಳಿದವರೆಲ್ಲ ಗೇಟಿನ ಪಕ್ಕದಿಂದ ನಡೆದುಹೋಗುತ್ತಿದ್ದರು. ಹಸುಗಳೂ ಹೋಗುತ್ತಿದ್ದವು. ಗಾಲಿಯಪ್ಪ ಮಾತ್ರ ದಿನಾ ಬೆಳಗ್ಗೆ ಗೇಟಿನ ಮುಂದೆ ನಿಲ್ಲುತ್ತಿದ್ದ. ಗೇಟಣ್ಣ ಪುಸ್ತಕ ತೆರೆದು ಕೇಳುತ್ತಿದ್ದ:

"ಯಾರು?"

"ಗಾಲಿಯಪ್ಪ."

"ಕಾರಣ?"

"ಅಳತೆ."

"ಮರಳುವ ಸಮಯ?"

"ಐದೂ ಇಪ್ಪತ್ತು."

ಬೀಗ ತೆಗೆದು, ಗೇಟು ತೆರೆದು, ಅವನನ್ನು ದಾಟಿಸಿ, ಮತ್ತೆ ಬೀಗ. ಐದೂ ಇಪ್ಪತ್ತಕ್ಕೆ ಅವನು ಗೇಟಿನ ಆಚೆ ಹಾಜರು.

"ಪಕ್ಕದಿಂದ ಬಂದ್ರೆ ನಿಮ್ಮ ಕಾಲು ಸವೆಯುತ್ತಾ ರೀ?" ಎಂದು ಹೆಂಡತಿ ತಲೆ ಚಚ್ಚಿಕೊಳ್ಳುತ್ತಿದ್ದಳು. ಅವಳ ಸಂಕಟ ಅವಳದು. ವರ್ಷಕ್ಕೊಮ್ಮೆ ಡಿಪೋದ ದಾಸ್ತಾನು ಎಣಿಸಲು ಬಂದವರು ಅವಳ ಮನೆಗೂ ನುಗ್ಗಿ, ಮಂಚ ಎರಡು, ಕೊಡ ಮೂರು ಎಂದು ಬರೆದುಕೊಂಡು ಹೋಗುತ್ತಿದ್ದರು. ಒಂದು ವರ್ಷ ಪಟ್ಟಿಯಲ್ಲಿ 'ಹೆಂಡತಿ ಒಂದು, ಸ್ಥಿತಿ ಉತ್ತಮ' ಎಂದು ಬರೆದಿದ್ದರಂತೆ. ಆ ಹಾಳೆಯನ್ನು ಅವಳು ಬೈಯುತ್ತಲೇ ಕಟ್ಟು ಹಾಕಿಸಿ ನಡುಮನೆಯಲ್ಲಿ ನೇತುಹಾಕಿದ್ದಳು.

ಊರಿಗೆ ಗ್ಯಾಸು ಬಂತು, ಕರೆಂಟಿನ ಇಸ್ತ್ರಿ ಬಂತು. ಕಲ್ಲಿದ್ದಲಿನ ನೀತಿಯನ್ನು ಸರ್ಕಾರ ಒಂದು ದಿನ ಎದ್ದು ನಿಂತು ಮರೆತುಬಿಟ್ಟಿತು. ಡಿಪೋ ಮುಚ್ಚಿತು, ಗೋಡೆ ಬಿತ್ತು. ಗೇಟನ್ನು ತೆಗೆಯಿರಿ ಎಂಬ ಆದೇಶ ಬರಲಿಲ್ಲವಾಗಿ ಗೇಟು ಉಳಿಯಿತು. ಎದ್ದುಹೋಗು ಎಂದು ಯಾರೂ ಹೇಳದಿದ್ದುದರಿಂದ ಗೇಟಣ್ಣನೂ ಉಳಿದ. ನಿವೃತ್ತಿಯ ದಿನ ಗಾಲಿಯಪ್ಪನಿಗೆ ಆ ಸವೆದ ಗಾಲಿಯನ್ನೇ ಉಡುಗೊರೆ ಕೊಟ್ಟರು. ಅವನು ಅದನ್ನು ಅಕ್ಕನಿಗೆ ಕೊಟ್ಟ. ಅಕ್ಕನಿಗೆ ಆ ಹೊತ್ತಿಗೆ ನಿಜವಾಗಿಯೂ ಸೊಂಟ ನೋವು ಬಂದಿತ್ತು. ಹಿಡಿಯ ಮೇಲೆ ಭಾರ ಹಾಕಿ, ಟಕ್ ಟಕ್ ಎನ್ನಿಸುತ್ತ ಅವಳು ಬೀದಿಯಲ್ಲಿ ಬರುತ್ತಿದ್ದರೆ, ಐದು ಮನೆಯ ಆಚೆಯವರಿಗೂ ಗೊತ್ತಾಗುತ್ತಿತ್ತು. ಕದ ಹಾಕಿಕೊಳ್ಳಲು ಸಮಯ ಸಿಗುತ್ತಿತ್ತು.

ಎಪ್ಪತ್ತೊಂದನೇ ವಯಸ್ಸಿನಲ್ಲಿ, ಒಂದು ಬೆಳಗ್ಗೆ ಹಲ್ಲುಜ್ಜಿ ಬಂದು ಜಗಲಿಯಲ್ಲಿ ಕೂತ ಗಾಲಿಯಪ್ಪ ಮತ್ತೆ ಏಳಲಿಲ್ಲ.

ಮಧ್ಯಾಹ್ನ ನಾಲ್ಕು ಜನ ಅವನನ್ನು ಹೊತ್ತು ಮನೆಯಿಂದ ಇಳಿಸಿದರು. ರಸ್ತೆ ಎರಡೂ ಕಡೆ ತೆರೆದೇ ಇತ್ತು. ಮುಂದಿದ್ದವರು ಗೇಟಿನ ಪಕ್ಕದಿಂದ ತಿರುಗಿಸಲು ಹೊರಟರು.

"ಆ ಕಡೆ ಎಲ್ಲಿಗ್ರೋ? ಒಂದು ದಿನ ಆದ್ರೂ ಅವನು ಪಕ್ಕದಿಂದ ಹೋಗಿದಾನೇನ್ರೋ?" ಎಂದಳು ಅಕ್ಕ ಹಿಂದಿನಿಂದ.

ಹೊತ್ತವರು ನಿಂತರು. ಗೇಟಿನ ಮುಂದಕ್ಕೆ ಬಂದರು. ಗೇಟಣ್ಣ ಪುಸ್ತಕ ತೆರೆದು, ಕನ್ನಡಕ ಸರಿಮಾಡಿಕೊಂಡು, ಹೆಸರು ಬರೆದುಕೊಂಡ. ಕಾರಣ ಕೇಳಲಿಲ್ಲ. ಆದರೆ ಮೂವತ್ತು ವರ್ಷದ ನಾಲಗೆ, ಅದರ ಪಾಡಿಗೆ ಅದು ಹೊರಳಿಬಿಟ್ಟಿತು.

"ಮರಳುವ ಸಮಯ?"

ಕೇಳಿದಮೇಲೆ ಅವನಿಗೇ ಗಾಬರಿಯಾಗಿ ಅಕ್ಕನ ಮುಖ ನೋಡಿದ. ಅಕ್ಕ ಗಾಲಿಯ ಹಿಡಿಯ ಮೇಲೆ ಎರಡೂ ಕೈ ಇಟ್ಟು ನಿಂತಿದ್ದಳು.

"ಅಳತೆ ಮುಗಿದಮೇಲೆ ಅಂತ ಬರ್ಕೋ" ಎಂದಳು.

ಅವನು ಬರೆದುಕೊಂಡ. ಬೀಗ ತೆಗೆದ. ಎರಡೂ ಬಾಗಿಲು ಅಗಲವಾಗಿ ತೆರೆದ. ಗಾಲಿಯಪ್ಪ ದಾಟಿದ. ಅವನ ಹಿಂದೆ ಹೆಂಡತಿ, ಅವಳ ಹಿಂದೆ ಬೀದಿಯವರೆಲ್ಲ, ಒಬ್ಬರೂ ಪಕ್ಕದಿಂದ ಹೋಗದೆ, ಸಾಲಾಗಿ. ಎಲ್ಲರಿಗಿಂತ ಹಿಂದೆ ಉಳಿದ ಅಕ್ಕ ಗಾಲಿಯನ್ನು ತಂದು ಗೇಟಿನ ಕಂಬಕ್ಕೆ ತಾಗಿಸಿ ನಿಲ್ಲಿಸಿದಳು. ಅಂಕಿಯ ಪೆಟ್ಟಿಗೆಯನ್ನು ಸೆರಗಿನಿಂದ ಒರೆಸಿ ಸೊನ್ನೆಗೆ ತಂದಳು. ಗೇಟಣ್ಣ "ಹೂಂ" ಎಂದ.

ಅವಳು ತಳ್ಳಿದಳು. ಗಾಲಿ ಒಂದು ಸುತ್ತು ತಿರುಗಿ ಟಕ್ ಎಂದಿತು.

"ಒಂದು" ಎಂದಳು ಅಕ್ಕ.